ಕದಿರಮ್ಮನ ಕೊನೆಯ ಕುಣಿಕೆ

ಒಂದು ಕಾಡಿನಲ್ಲಿ ಕದಿರಮ್ಮ ಎಂಬ ಮುಳ್ಳುಹಂದಿ ಇದ್ದಳು. ಅವಳಿಗೆ ಸುಸ್ತಾಗಿತ್ತು. ಈ ಕತೆ ಶುರುವಾಗುವುದಕ್ಕೂ ಮೊದಲೇ ಸುಸ್ತಾಗಿತ್ತು.

ಅವಳ ಕೆಲಸ ಹೆಣಿಗೆ. ತನ್ನ ಬೆನ್ನಿನಿಂದ ಉದುರಿದ ಮುಳ್ಳೊಂದರ ತುದಿಯನ್ನು ಹಲ್ಲಿನಿಂದ ಕಡಿದು ಸಣ್ಣ ಕೊಕ್ಕೆ ಮಾಡಿಕೊಂಡಿದ್ದಳು. ಆ ಕೊಕ್ಕೆಗೆ ನೂಲು ಸಿಕ್ಕಿಸಿ, ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆದು, ಅದರೊಳಗಿಂದ ಮತ್ತೊಂದನ್ನು ಎಳೆದು, ಬಣ್ಣಬಣ್ಣದ ಚೀಲ ಹೆಣೆಯುತ್ತಿದ್ದಳು. ನೂಲು ಕಾಡುಹತ್ತಿಯದು. ಮುತ್ತುಗದ ಹೂವಿನಿಂದ ಕಿತ್ತಳೆ ಬಣ್ಣ, ಕಾಡರಿಶಿನದಿಂದ ಹಳದಿ, ನೀಲಿಗಿಡದ ಸೊಪ್ಪಿನಿಂದ ನೀಲಿ, ಹಳದಿಯ ಮೇಲೆ ನೀಲಿ ಹಾಕಿದರೆ ಹಸಿರು. ಮೊಲಕ್ಕೆ ಗರಿಕೆ ತುಂಬಿಕೊಳ್ಳಲು ಹೆಗಲಚೀಲ, ಜಿಂಕೆಯ ಕೊಂಬಿಗೆ ಕುಚ್ಚು, ನವಿಲಿನ ಕಾಲಿಗೆ ಪಟ್ಟಿ. ಕತ್ತಲಾದ ಮೇಲೆ ಅವುಗಳನ್ನು ಹೊತ್ತು ಅವರವರ ಬಾಗಿಲಲ್ಲಿ ಇಟ್ಟು ಬರುತ್ತಿದ್ದಳು, ಹೆಣೆದದ್ದು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ನವಿಲು ಪಟ್ಟಿಯ ಬಣ್ಣ ಸರಿಯಿಲ್ಲ ಎಂದು ಮತ್ತೆ ಮತ್ತೆ ಬಾಗಿಲಲ್ಲೇ ಬಿಟ್ಟುಬಿಡುತ್ತಿತ್ತು. ಕದಿರಮ್ಮ ಮತ್ತೆ ಮತ್ತೆ ಹೊಸದಾಗಿ ಹೆಣೆಯುತ್ತಿದ್ದಳು. ಸುಸ್ತಾಗದೆ ಇನ್ನೇನಾಗುತ್ತದೆ?

ಅವಳ ಕೆಲಸಕ್ಕೆ ಒಂದು ಕ್ರಮವಿತ್ತು. ಹೆಣಿಗೆಯಲ್ಲಿ ಎಲ್ಲೂ ಗಂಟು ಇರುತ್ತಿರಲಿಲ್ಲ. ಒಂದು ಬಣ್ಣ ಮುಗಿದಲ್ಲಿ ಇನ್ನೊಂದು ಬಣ್ಣದ ನೂಲನ್ನು ಸೇರಿಸಿ ಹೊಸೆದುಬಿಡುತ್ತಿದ್ದಳು. ಹಾಗಾಗಿ ಎಷ್ಟು ದೊಡ್ಡ ಚೀಲವಾದರೂ ಅದು ಒಂದೇ ಎಳೆ. ಹೆಣೆದು ಮುಗಿಸಿದ ಮೇಲೂ ಕೊನೆಯ ಕುಣಿಕೆಯನ್ನು ಅವಳು ಕೂಡಲೇ ಮುಚ್ಚುತ್ತಿರಲಿಲ್ಲ. ಅದು ಜಾರದಂತೆ ಒಂದು ಮುಳ್ಳು ಸಿಕ್ಕಿಸಿ, ಪಕ್ಕಕ್ಕಿಟ್ಟು ಮಲಗುತ್ತಿದ್ದಳು. ಎದ್ದ ಮೇಲೆ ಹೊಸ ಕಣ್ಣಿನಿಂದ ನೋಡುತ್ತಿದ್ದಳು. ತಪ್ಪು ಕಂಡರೆ ಮುಳ್ಳು ತೆಗೆದು ನೂಲಿನ ತುದಿ ಎಳೆದರಾಯಿತು, ಸರ್ರನೆ ಬಿಚ್ಚಿಕೊಳ್ಳುತ್ತಿತ್ತು. ತಪ್ಪಿಲ್ಲದಿದ್ದರೆ ತುದಿಯನ್ನು ಆ ಕುಣಿಕೆಯೊಳಗೆ ತೂರಿಸಿ ಬಿಗಿದುಬಿಡುತ್ತಿದ್ದಳು. ಆಮೇಲೆ ಆನೆ ಎಳೆದರೂ ಅದು ಬಿಚ್ಚುತ್ತಿರಲಿಲ್ಲ.

ಇಷ್ಟೆಲ್ಲ ಮಾಡುವವಳ ಬಿಲ ಮಾತ್ರ ಮಳೆಗಾಲದಲ್ಲಿ ಸೋರುತ್ತಿತ್ತು. ಹೋದ ಮಳೆಗಾಲವನ್ನು ಅವಳು ಒದ್ದೆ ನೆಲದ ಮೇಲೇ ಕಳೆದಿದ್ದಳು. ಬೆರಳಿನ ಗೆಣ್ಣುಗಳು ಊದಿದ್ದವು, ಮಂಡಿ ಹಿಡಿದುಕೊಂಡಿತ್ತು. ಇನ್ನೊಂದು ಮಳೆಗಾಲ ಹಾಗೆಯೇ ಕಳೆದರೆ ಕೊಕ್ಕೆ ಹಿಡಿಯುವ ಕೈಯೇ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಆಗ ಕಾಡಿನ ಹಿರಿಯಳಾದ ಆನೆ ಒಂದು ಮಾತು ಹೇಳಿದಳು. ಅವಳನ್ನು ಎಲ್ಲರೂ ದೊಡ್ಡಮ್ಮ ಎಂದು ಕರೆಯುತ್ತಿದ್ದರು. "ಚಿಗುರು ಹಬ್ಬಕ್ಕೆ ಪ್ರತಿ ವರ್ಷ ಎಲೆ ತೋರಣ ಕಟ್ತೀವಿ. ಮಧ್ಯಾಹ್ನದ ಹೊತ್ತಿಗೆ ಬಾಡಿ ಜೋತುಬೀಳುತ್ತೆ. ಈ ಸಲ ಬಾಡದ ತೋರಣ ಮಾಡಿಕೊಟ್ಟವರಿಗೆ ಮಳೆಗಾಲ ಪೂರ್ತಿ ಬಂಡೆಯ ಕೆಳಗಿನ ಒಣ ಗವಿ."

ಒಣ ಗವಿ! ಕದಿರಮ್ಮ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿದಳು. ಅವಳಿಗೆ ಹೊಗಳಿಕೆ ಬೇಕಿರಲಿಲ್ಲ, ಹಾರ ಬೇಕಿರಲಿಲ್ಲ. ಒಣಗಿದ ನೆಲದ ಮೇಲೆ ಕಾಲು ಚಾಚಿ ಒಂದು ಮಳೆಗಾಲ ನಿದ್ದೆ ಮಾಡಬೇಕಿತ್ತು. ಅವತ್ತೇ ಅವಳು ಮಾವಿನ ಎಲೆಯ ಆಕಾರದ ಮೊದಲ ಎಲೆ ಶುರುಮಾಡಿದಳು.

ಅವಳ ಬಿಲದ ಪಕ್ಕದಲ್ಲೇ ಬಿಂಕಪ್ಪ ಎಂಬ ಮುಂಗುಸಿ ಇದ್ದ. ಮೈಗೆ ಒಂದು ಚೂರು ಮಣ್ಣು ತಾಗದಂತೆ ಓಡಾಡುವವನು. ಮಾತಿನಲ್ಲಂತೂ ಬೆಣ್ಣೆ.

"ಅಜ್ಜೀ, ಈ ಮಂಡಿ ನೋವಲ್ಲಿ ಚೀಲ ಹೊತ್ಕೊಂಡು ನೀನ್ಯಾಕೆ ಊರೆಲ್ಲಾ ಸುತ್ತಬೇಕು? ನಾನಿಲ್ವಾ? ನಾನು ತಲುಪಿಸ್ತೀನಿ. ನೀನು ಕೂತ್ಕೊಂಡು ಹೆಣೆದರೆ ಸಾಕು" ಎಂದ.

"ನಿನಗೆ ಪುಣ್ಯ ಬರಲಿ ಕಣಪ್ಪಾ" ಎಂದಳು ಕದಿರಮ್ಮ. ಸುಸ್ತಾದವರಿಗೆ ಯಾರಾದರೂ ಹೊರೆ ಇಳಿಸುತ್ತೇನೆ ಎಂದರೆ ಅವರ ಮುಖ ನೋಡಿ ಯೋಚಿಸುವಷ್ಟು ವ್ಯವಧಾನ ಎಲ್ಲಿರುತ್ತದೆ?

ಕೆಲವು ದಿನ ಕಳೆಯಿತು. ಒಂದು ಬೆಳಗ್ಗೆ ಮೊಲ ಆ ದಾರಿಯಲ್ಲಿ ಬಂತು. ಹೆಗಲ ಮೇಲೆ ಕಿತ್ತಳೆ ಚೀಲ ತೂಗುತ್ತಿತ್ತು.

"ಚೀಲ ಹೆಂಗಿದೆ ಮಗಾ?" ಎಂದು ಕದಿರಮ್ಮ ಬಿಲದೊಳಗಿಂದಲೇ ಆಸೆಯಿಂದ ಕೇಳಿದಳು.

"ಅಯ್ಯೋ ಅಜ್ಜಿ, ಏನು ಕೈಚಳಕ ಅಂತೀಯ ಆ ಬಿಂಕಪ್ಪಂದು! ಹಗಲೆಲ್ಲಾ ಕೂತು ಹೆಣೆದನಂತೆ. ಪಾಪ, ಕಣ್ಣು ಉರೀತಿದೆ ಅಂತಿದ್ದ. ನಾನೂ ಒಂದು ಬುಟ್ಟಿ ಗೆಣಸು ಕೊಟ್ಟು ಬಂದೆ."

ಕದಿರಮ್ಮನ ಕೈಯಲ್ಲಿದ್ದ ಕೊಕ್ಕೆ ನಿಂತಿತು. ಗೆಣಸು ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಉರಿಯುತ್ತಿದ್ದದ್ದು ಅವಳ ಕಣ್ಣು. ಅದನ್ನೂ ಅವನು ಎತ್ತಿಕೊಂಡು ಹೋಗಿದ್ದ. "ಅದು ನಾನು ಹೆಣೆದದ್ದು" ಎನ್ನಲು ಬಾಯಿ ತೆರೆದಳು. ಮೊಲ ಆಗಲೇ ಪೊದೆ ದಾಟಿತ್ತು. ಕೂಗಿ ಕರೆಯಬೇಕು, ಕೂರಿಸಿ ವಿವರಿಸಬೇಕು, ಮೊಲ ನಂಬದಿದ್ದರೆ ಜಗಳ ಆಡಬೇಕು. ಇರಲಿ ಬಿಡು, ತೋರಣವೊಂದು ಮುಗಿದರೆ ಎಲ್ಲರಿಗೂ ತಾನಾಗಿಯೇ ತಿಳಿಯುತ್ತದೆ ಎಂದುಕೊಂಡು ಅವಳು ಮತ್ತೆ ಎಲೆಗೆ ಕೊಕ್ಕೆ ಹಾಕಿದಳು. ಬಿಂಕಪ್ಪನಿಗೆ ಇನ್ನು ಚೀಲ ಕೊಡುವುದಿಲ್ಲ ಎಂದು ಮಾತ್ರ ನಿರ್ಧರಿಸಿದಳು.

ತೋರಣ ಬೆಳೆಯಿತು. ಒಂದು ಹಸಿರು ಎಲೆ, ಒಂದು ಹಳದಿ ಹೂ, ಮತ್ತೆ ಎಲೆ, ಮತ್ತೆ ಹೂ. ಎಲೆಯ ನಡುವೆ ನರ ಕಾಣುತ್ತಿತ್ತು. ಹೂವಿನ ಎಸಳು ನಿಜದ ಹೂವಿನಂತೆ ಬಾಗಿತ್ತು. ಹಬ್ಬದ ದಿನ ಬೆಳಗ್ಗೆ ಕೊನೆಯ ಎಲೆ ಮುಗಿಯಿತು. ಕದಿರಮ್ಮ ಕೊನೆಯ ಕುಣಿಕೆಗೆ ಮುಳ್ಳು ಸಿಕ್ಕಿಸಿದಳು. "ಒಂದು ಸಣ್ಣ ನಿದ್ದೆ. ಎದ್ದು ನೋಡಿ, ಮುಚ್ಚಿ, ತಗೊಂಡು ಹೋಗ್ತೀನಿ" ಎಂದು ತನಗೇ ಹೇಳಿಕೊಂಡಳು. ತಲೆ ನೆಲಕ್ಕೆ ತಾಗುವ ಮೊದಲೇ ನಿದ್ದೆ ಬಂದಿತ್ತು.

ಎದ್ದಾಗ ತೋರಣ ಇರಲಿಲ್ಲ.

ಬಿಲದ ಬಾಯಲ್ಲಿ ಮುಂಗುಸಿಯ ಹೆಜ್ಜೆ ಇತ್ತು. ಹೆಜ್ಜೆಯ ಪಕ್ಕದಲ್ಲಿ ಅವಳ ಮುಳ್ಳು ಬಿದ್ದಿತ್ತು. ಕದಿರಮ್ಮ ಅದನ್ನು ಎತ್ತಿಕೊಂಡು ನೋಡಿದಳು. ನಡೆದದ್ದು ಅವಳಿಗೆ ಅರ್ಥವಾಯಿತು. ತೋರಣದಲ್ಲಿ ಮುಳ್ಳು ಕಂಡರೆ ಅದು ಮುಳ್ಳುಹಂದಿಯ ಕೆಲಸ ಎಂದು ಯಾರಿಗೂ ಗೊತ್ತಾಗುತ್ತದೆ. ಅದಕ್ಕೇ ಜಾಣ ಬಿಂಕಪ್ಪ ಅದನ್ನು ಕಿತ್ತು ಬಿಸಾಕಿದ್ದ. ಕೊನೆಯ ಕುಣಿಕೆ ಈಗ ಬಾಯಿ ತೆರೆದುಕೊಂಡೇ ಇತ್ತು.

ಅವಳಿಗೆ ಅಳು ಬಂತು. ಸಿಟ್ಟು ಬರಬೇಕಿತ್ತು, ಆದರೆ ಸಿಟ್ಟಿಗೂ ಒಂದಷ್ಟು ಶಕ್ತಿ ಬೇಕು. ಮಲಗಿಬಿಡಲೇ ಎನ್ನಿಸಿತು. ಮಲಗುವುದು ಎಲ್ಲಿ? ಇದೇ ಸೋರುವ ಬಿಲದಲ್ಲಿ. ಗವಿ ಹೋಯಿತೆಂದರೆ ಕೈ ಹೋಯಿತು. ಯಾರಾದರೂ ಆ ನೂಲಿನ ತುದಿ ಹಿಡಿದು ಎಳೆದರೆ ಅಷ್ಟು ದಿನದ ಕೆಲಸವೂ ಹೋಯಿತು. ಕದಿರಮ್ಮ ಮುಳ್ಳನ್ನು ಬಾಯಲ್ಲಿ ಕಚ್ಚಿಕೊಂಡಳು. ಮಂಡಿಯನ್ನು ಬೈದುಕೊಳ್ಳುತ್ತಾ ಹಬ್ಬದ ಬಯಲಿನ ಕಡೆ ಹೊರಟಳು.

ಅಲ್ಲಿ ಕಾಡೆಲ್ಲ ನೆರೆದಿತ್ತು. ತೋರಣದ ಒಂದು ತುದಿಯನ್ನು ಹೊನ್ನೆ ಮರಕ್ಕೆ ಕಟ್ಟಿ ಆಗಿತ್ತು. ಇನ್ನೊಂದು ತುದಿಯನ್ನು ಎದುರಿನ ಬೂರುಗದ ಮರಕ್ಕೆ ದೊಡ್ಡಮ್ಮ ತನ್ನ ಸೊಂಡಿಲಿನಿಂದಲೇ ಕಟ್ಟಬೇಕು, ಅದು ಹಬ್ಬದ ಪದ್ಧತಿ. ಬಿಂಕಪ್ಪ ಒಂದು ಕಲ್ಲಿನ ಮೇಲೆ ನಿಂತು ಮಾತಾಡುತ್ತಿದ್ದ.

"ಒಂದೊಂದು ಎಲೆಗೂ ನನ್ನ ಬೆವರು ಹರಿದಿದೆ ದೊಡ್ಡಮ್ಮ. ಸುಸ್ತು ಅಂದರೆ ಏನು ಅಂತ ನನ್ನನ್ನು ಕೇಳಿ."

ಕದಿರಮ್ಮ ಗುಂಪಿನ ಹಿಂದಿನಿಂದ ಕೂಗಿದಳು. "ದೊಡ್ಡಮ್ಮಾ, ತುದಿ ಎಳೀಬೇಡಿ! ಕುಣಿಕೆ ತೆರೆದೇ ಇದೆ. ಮುಳ್ಳು ನನ್ನ ಹತ್ರ ಇದೆ!"

ಎಲ್ಲರೂ ತಿರುಗಿ ನೋಡಿದರು. ಬಿಂಕಪ್ಪ ಒಂದು ಹೆಜ್ಜೆ ಹಿಂದಕ್ಕಿಟ್ಟ. ಆದರೂ ನಗುತ್ತಲೇ ಹೇಳಿದ.

"ಪಕ್ಕದ ಬಿಲದ ಅಜ್ಜಿ. ನನಗೆ ನೂಲು ಸುತ್ತಿ ಕೊಡ್ತಾಳೆ. ಪಾಪ, ವಯಸ್ಸಾಯ್ತು, ಏನೇನೋ ಮಾತಾಡ್ತಾಳೆ. ನೀವು ಎಳೆದು ಕಟ್ಟಿ ದೊಡ್ಡಮ್ಮ, ಬಿಗಿಯಾಗಿ ಎಳೀರಿ. ನನ್ನ ಕೆಲಸ ನನಗೆ ಗೊತ್ತಿಲ್ವಾ?"

ನೂಲು ಸುತ್ತಿ ಕೊಡುವವಳು! ಕದಿರಮ್ಮನ ಬೆನ್ನಿನ ಮುಳ್ಳುಗಳೆಲ್ಲ ಒಮ್ಮೆಲೇ ನಿಮಿರಿದವು. ಅಷ್ಟರಲ್ಲಿ ದೊಡ್ಡಮ್ಮ ನೂಲಿನ ತುದಿಯನ್ನು ಸೊಂಡಿಲಿನಲ್ಲಿ ಹಿಡಿದು ಬೂರುಗದ ಕಡೆಗೆ ಎಳೆದೇಬಿಟ್ಟಳು.

ಸರ್ರನೆ ಕೊನೆಯ ಎಲೆ ಮಾಯವಾಯಿತು. ಸಡಿಲ ಇರಬೇಕು ಎಂದುಕೊಂಡು ದೊಡ್ಡಮ್ಮ ಇನ್ನಷ್ಟು ಎಳೆದಳು. ಅದರ ಪಕ್ಕದ ಹೂವೂ ಹೋಯಿತು. ಅದರಾಚೆಯ ಎಲೆಯೂ ಹೋಯಿತು. ದೊಡ್ಡಮ್ಮ ಗಾಬರಿಯಾಗಿ ತುದಿಯನ್ನು ಬಿಟ್ಟುಬಿಟ್ಟಳು.

"ಬಿಂಕಪ್ಪಾ! ನೀನು ಮಾಡಿದ್ದಲ್ವಾ? ಸರಿಮಾಡು ಬಾ!"

ಬಿಂಕಪ್ಪ ಕಲ್ಲಿನಿಂದ ಜಿಗಿದು ನೂಲು ಹಿಡಿದ. ಬಿಗಿಯಾಗಿ ಎಳೆದರೆ ನಿಲ್ಲುತ್ತದೆ ಎಂದುಕೊಂಡಿದ್ದ, ಪಾಪ. ಎಳೆದಷ್ಟೂ ಬಿಚ್ಚಿತು. ಈ ಕೈಯ ನೂಲು ಆ ಕೈಗೆ ಸುತ್ತಿಕೊಂಡಿತು, ಆ ಕೈಯದು ಕಾಲಿಗೆ ಸಿಕ್ಕಿತು. ಯಾರೋ ನಕ್ಕರು. ಅವನು ದಿಕ್ಕು ತೋಚದೆ ಓಟ ಕಿತ್ತ. ನೂಲು ಕಾಲಲ್ಲೇ ಇತ್ತು. ಅವನು ಓಡಿದಷ್ಟು ದೂರ ತೋರಣ ಅವನ ಹಿಂದೆಯೇ ಬಿಚ್ಚಿಕೊಳ್ಳುತ್ತಾ ಬಂತು.

ಎಲ್ಲರೂ ಹೋ ಎಂದು ಅವನ ಹಿಂದೆ ಓಡಿದರು. ಕದಿರಮ್ಮ ಓಡಲಿಲ್ಲ. ಓಡಲು ಅವಳಿಂದ ಆಗುತ್ತಲೂ ಇರಲಿಲ್ಲ. ಬಿಚ್ಚುತ್ತಿರುವುದು ಎಲ್ಲಿಗೆ ಬಂದು ಮುಟ್ಟುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮೊದಲ ಎಲೆ ಹೆಣೆದವಳು ಅವಳೇ ತಾನೆ. ನಿಧಾನವಾಗಿ ಹೊನ್ನೆ ಮರದ ಬುಡಕ್ಕೆ ನಡೆದಳು. ಎಲೆಗಳು ಒಂದೊಂದಾಗಿ ಕರಗುತ್ತಾ ಅವಳ ಕಡೆಗೇ ಬಂದವು. ಅವುಗಳನ್ನು ಹೆಣೆದ ಬೆಳಗುಗಳು, ಉರಿದ ಕಣ್ಣು, ಊದಿದ ಬೆರಳು, ಎಲ್ಲ ಅವಳ ಎದುರಿಗೇ ನೂಲಾಗಿ ನೆಲಕ್ಕೆ ಬಿದ್ದವು. ಅವಳಿಗೆ ತುಂಬಾ ನೋವಾಯಿತು. ಆದರೆ ಕಣ್ಣು ಮುಚ್ಚಲಿಲ್ಲ.

ಮರಕ್ಕೆ ಕಟ್ಟಿದ್ದ ಮೊದಲ ಎಲೆಯೊಂದೇ ಉಳಿದಾಗ, ಬಾಯಲ್ಲಿದ್ದ ಮುಳ್ಳನ್ನು ಕೈಗೆ ತೆಗೆದುಕೊಂಡು, ಓಡುತ್ತಿದ್ದ ಕುಣಿಕೆಯೊಳಗೆ ಚುಚ್ಚಿ ಗಟ್ಟಿಯಾಗಿ ಹಿಡಿದಳು.

ನೂಲು ಟಕ್ಕನೆ ನಿಂತಿತು. ಬಯಲಿನ ಆಚೆ ಬಿಂಕಪ್ಪನ ಕಾಲು ಜಗ್ಗಿ ಅವನು ದಬ್ಬನೆ ಕೆಸರಿಗೆ ಬಿದ್ದ. ಚೂರು ಮಣ್ಣೂ ತಾಗದ ಮೈಯಲ್ಲಿ ಈಗ ಬಾಲದ ತುದಿಯೊಂದೇ ಚೊಕ್ಕಟವಾಗಿತ್ತು.

ಕದಿರಮ್ಮ ನೂಲಿನ ತುದಿಯನ್ನು ಕಡಿದು, ಕುಣಿಕೆಯೊಳಗೆ ತೂರಿಸಿ, ಬಿಗಿದಳು.

"ಈಗ ಎಳೀರಿ ದೊಡ್ಡಮ್ಮ" ಎಂದಳು.

ದೊಡ್ಡಮ್ಮ ಎಳೆದಳು. ಆನೆಯ ಬಲಕ್ಕೂ ಆ ಎಲೆ ಬಿಚ್ಚಲಿಲ್ಲ. ದೊಡ್ಡಮ್ಮ ಎಲೆಯನ್ನು ನೋಡಿದಳು, ಮುಳ್ಳನ್ನು ನೋಡಿದಳು, ಕದಿರಮ್ಮನ ಊದಿದ ಬೆರಳುಗಳನ್ನು ನೋಡಿದಳು. ಇನ್ನು ಕೇಳುವುದಕ್ಕೆ ಏನೂ ಇರಲಿಲ್ಲ. ಆದರೂ ಕೇಳಿದಳು.

"ಚೀಲಗಳೂ ನಿನ್ನವೇನಾ ಕದಿರಮ್ಮ? ಮೊದಲೇ ಯಾಕೆ ಹೇಳ್ಲಿಲ್ಲ?"

"ಯಾರು ಹೆಣೆದದ್ದು ಅಂತ ನೀವು ಯಾರೂ ಕೇಳ್ಲಿಲ್ಲ. ನಾನೇ ಹೇಳಬೇಕಿತ್ತು, ನಿಜ. ಸುಸ್ತಾಗಿತ್ತು ದೊಡ್ಡಮ್ಮ."

ಮೊಲ ತನ್ನ ಹೆಗಲಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿತು. ನವಿಲು ತನ್ನ ಕಾಲಿನ ಪಟ್ಟಿಯನ್ನು ನೋಡಿಕೊಂಡು, ಬಣ್ಣ ಚೆನ್ನಾಗಿಯೇ ಇದೆ ಎಂದು ಮೊದಲ ಸಲ ಹೇಳಿತು.

"ಗವಿ ನಿನ್ನದು. ಈಗಲೇ ಹೋಗಿ ಮಲಗು" ಎಂದಳು ದೊಡ್ಡಮ್ಮ. ಆಮೇಲೆ ಕೆಸರಿನಿಂದ ಏಳುತ್ತಿದ್ದ ಬಿಂಕಪ್ಪನ ಕಡೆ ತಿರುಗಿದಳು. "ಸುಸ್ತು ಅಂದರೆ ಏನು ಅಂತ ನಿನ್ನನ್ನು ಕೇಳಬೇಕಿತ್ತಲ್ವಾ? ಈ ನೂಲೆಲ್ಲಾ ಬಿಡಿಸು. ಬಣ್ಣ ಬಣ್ಣ ಬೇರೆ ಮಾಡಿ ಉಂಡೆ ಸುತ್ತು. ಮುಗಿದ ಮೇಲೆ ಕೇಳ್ತೀನಿ."

ಆ ವರ್ಷ ಚಿಗುರು ಹಬ್ಬಕ್ಕೆ ಒಂದೇ ಒಂದು ಎಲೆಯ ತೋರಣ. ಅದು ಬಾಡಲಿಲ್ಲ.

ಮಳೆ ಬಂತು. ಗವಿಯ ಒಳಗೆ ಕದಿರಮ್ಮ ಕಾಲು ಚಾಚಿ ಮಲಗಿದ್ದಳು. ನೆಲ ಒಣಗಿತ್ತು. ಗವಿಯ ಬಾಯಲ್ಲಿ ತೊಟ್ಟಿಕ್ಕುವ ನೀರಿನ ಪಕ್ಕ ಕೂತು ಬಿಂಕಪ್ಪ ಸಿಕ್ಕು ಬಿಡಿಸುತ್ತಿದ್ದ. ಹಸಿರು ನೂಲಿನೊಳಗೆ ಹಳದಿ, ಹಳದಿಯೊಳಗೆ ಮತ್ತೆ ಹಸಿರು. ಅವನ ಕಣ್ಣು ಉರಿಯುತ್ತಿತ್ತು, ಈ ಸಲ ನಿಜವಾಗಿಯೂ.

ಒಂದು ದಿನ ಮಳೆಯಲ್ಲಿ ನೆನೆಯುತ್ತಾ ಅಳಿಲು ಬಂತು. ಹೊಸದಾಗಿ ಈ ಕಾಡಿಗೆ ಬಂದ ಅಳಿಲು.

"ಇಲ್ಲಿ ಚೆಂದದ ಚೀಲ ಹೆಣೀತಾರಂತೆ. ನೀನೇನಾ ಅಣ್ಣಾ?"

ಬಿಂಕಪ್ಪ ಬಾಯಿ ತೆರೆದ. ಹಳೆಯ ಬೆಣ್ಣೆ ನಾಲಿಗೆಯ ತುದಿಗೆ ಬಂದಿತ್ತು. ಗವಿಯೊಳಗಿಂದ ಕದಿರಮ್ಮನ ಗೊರಕೆ ಕೇಳಿಸಿತು. ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ಅವೂ ಸ್ವಲ್ಪ ಊದಿದ್ದವು.

"ಮೆಲ್ಲಗೆ ಮಾತಾಡು" ಎಂದ. "ಹೆಣೆಯೋಳು ಒಳಗೆ ಮಲಗಿದ್ದಾಳೆ. ನಾನು ನೂಲು ಸುತ್ತಿ ಕೊಡೋನು."

ನೀತಿ: ಇನ್ನೊಬ್ಬರ ದುಡಿಮೆಗೆ ತನ್ನ ಹೆಸರು ಹಾಕಿಕೊಂಡವನ ಸುಳ್ಳು ಎಲ್ಲರ ಎದುರಿಗೇ ಬಿಚ್ಚಿಕೊಳ್ಳುತ್ತದೆ, ಒಂದು ವಸ್ತುವನ್ನು ಮೆಚ್ಚಿಕೊಂಡಾಗ ಅದನ್ನು ಮಾಡಿದ ಕೈ ಯಾರದೆಂದು ಕೇಳಿ ತಿಳಿದುಕೊಳ್ಳಬೇಕು.