ನೀರು ಬಿಡಲಾರದ ಚಿಕ್ಕತಾಯಿ

ಕಾಲು ಚಾಚ್ಕೊಂಡು ಮಲಗು ಕಂದ, ಹೇಳ್ತೀನಿ. ಒಂದಾನೊಂದು ಕಾಲ, ಯಾವ ಕಾಲ ಅಂತ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಆ ಕಾಲದಲ್ಲಿ ಬೆಟ್ಟದ ಮೇಲಿನ ಒಂದು ಕಲ್ಲುಭೂಮಿ ಊರಲ್ಲಿ ಚಿಕ್ಕತಾಯಿ ಅಂತ ಒಬ್ಬ ಹುಡುಗಿ ಇದ್ದಳಂತೆ. ಆ ಊರಲ್ಲಿ ಬಾವಿ ಇಲ್ಲ, ಕೆರೆ ಇಲ್ಲ, ಬಂಡೆ ಸಂದಿಯಲ್ಲಿ ಜಿನುಗೋ ನೀರನ್ನ ಕರಟದಲ್ಲಿ ಮೊಗೆದು ಮೊಗೆದು ಬಿಂದಿಗೆ ತುಂಬಿಸಬೇಕು, ಒಂದು ಬಿಂದಿಗೆ ತುಂಬೋಕೆ ಅರ್ಧ ದಿನ. ಕೈ ತೊಳೆದ ನೀರನ್ನೂ ಬೀದಿಗೆ ಚೆಲ್ಲಬಾರದು, ಸೊಪ್ಪಿನ ಗಿಡಕ್ಕೆ ಹಾಕಬೇಕು ಅಂತ ಅವಳವ್ವ ಕಲಿಸಿದ್ದಳಂತೆ.

ಅವಳನ್ನ ಕೆಳಗಿನ ಎರೆಮಣ್ಣಿನ ಊರಿಗೆ, ಬೆಳ್ಳಪ್ಪ ಅನ್ನೋ ರೈತನಿಗೆ ಕೊಟ್ಟರಂತೆ. ಒಳ್ಳೆಯವನೇ, ಆದರೆ ಮಾತು ಕಮ್ಮಿ. ಆ ವರ್ಷ ಅವನು ಹೊಲದ ತುಂಬ ಸೂರ್ಯಕಾಂತಿ ಬಿತ್ತಿದ, ಬೀಜ ಮೊಳೆತು ಎರಡೆಲೆ ಬಂತು, ಅಷ್ಟರಲ್ಲಿ ದೂರದೂರಲ್ಲಿ ಅವನ ಅಕ್ಕನ ಗಂಡ ಕಾಲು ಮುರ್ಕೊಂಡಿದ್ದಾನೆ, ಅಲ್ಲಿ ಬಿತ್ತನೆ ಮಾಡೋರಿಲ್ಲ ಅಂತ ಸುದ್ದಿ ಬಂತಂತೆ. ಬೆಳ್ಳಪ್ಪ ಹೆಗಲಿಗೆ ಕಂಬಳಿ ಹಾಕ್ಕೊಂಡು, ಹೊಲ ನೋಡ್ಕೊ, ಅಂದ. ಅಷ್ಟೇ ಅಂದು ಹೊರಟುಹೋದನಂತೆ.

ಆಮೇಲೆ ಮಳೆ ಬಂತು. ಮೊದಲನೇ ಮಳೆಗೆ ಸಸಿ ಗೆಲುವಾಗಿ ಎದ್ದವು. ಎರಡನೇ ಮಳೆಗೆ ಮಣ್ಣಿಗೆ ಸಾಕಾಯ್ತು. ಮೂರನೇ ಮಳೆ ಮೂರು ದಿನ ಬಿಡದೆ ಹೊಡೀತಂತೆ. ಎರೆಮಣ್ಣು ನೀರನ್ನ ಬೇಗ ಕೆಳಕ್ಕೆ ಬಿಡಲ್ಲ ನೋಡು, ಸಾಲು ಸಾಲಲ್ಲೂ ನೀರು ನಿಂತುಬಿಡ್ತು. ಚಿಕ್ಕತಾಯಿಗೆ ಎಷ್ಟು ಸಂತೋಷ ಅಂತೀಯ, ಹುಟ್ಟಿದಾಗಿಂದ ಅಷ್ಟು ನೀರನ್ನ ಒಂದೇ ಕಡೆ ಕಂಡೋಳೇ ಅಲ್ಲ. ಬದು ಎಲ್ಲೆಲ್ಲಿ ಸೋರ್ತಿತ್ತೋ ಅಲ್ಲೆಲ್ಲ ಮಣ್ಣು ಮೆತ್ತಿ ಭದ್ರ ಮಾಡಿದಳಂತೆ.

ಪಕ್ಕದ ಹೊಲದ ದುಂಡವ್ವ ಅನ್ನೋ ಮುದುಕಿ ಬಂದು, ಬದು ಒಡೆದು ನೀರು ಬಿಡು ಮಗ, ಎಳೇ ಸಸಿ, ಬೇರಿಗೆ ಉಸಿರು ಕಟ್ತದೆ, ಅಂದಳಂತೆ. ಚಿಕ್ಕತಾಯಿ ಗುದ್ದಲಿ ಎತ್ತಿದಳು, ಬದುವಿನ ಹತ್ತಿರ ಹೋದಳು, ಇಷ್ಟು ನೀರನ್ನ ಸುಮ್ಮನೆ ಹಳ್ಳಕ್ಕೆ ಬಿಡೋದಾ ಅಂದ್ಕೊಂಡು ಕೆಳಗಿಟ್ಟಳು. ಮೂರು ಸಲ ಎತ್ತಿದಳಂತೆ, ಮೂರು ಸಲವೂ ಇಟ್ಟಳಂತೆ.

ಆಮೇಲೆ ಬಿಸಿಲು ಬಂತು. ಮಣ್ಣು ಮೇಲೆ ಒಣಗಿದ ಹಾಗೆ ಕಾಣ್ತು, ಒಳಗೆ ಇನ್ನೂ ಕೆಸರೇ. ಸಸಿಗಳ ಕೆಳಗಿನೆಲೆ ಹಳದಿ ಆದವು, ಮಧ್ಯಾಹ್ನಕ್ಕೆ ತಲೆ ಜೋತುಬಿದ್ದವು, ಥೇಟ್ ಬಾಯಾರಿದ ಗಿಡದ ಹಾಗೆ. ಆ ಪಾಪದವಳು, ಅಯ್ಯೋ ನೀರು ಸಾಲಲಿಲ್ಲವೇನೋ ಅಂತ, ಊರ ಬಾವಿಯಿಂದ ಬಿಂದಿಗೆ ಹೊತ್ತು ಹೊತ್ತು ಬುಡಬುಡಕ್ಕೂ ಹೊಯ್ದಳಂತೆ. ಸೊಂಟ ಬಿದ್ದುಹೋಗೋ ತನಕ ಹೊಯ್ದಳಂತೆ. ಹೊಯ್ದಷ್ಟೂ ಬಾಡಿದವು.

ಬೆಳ್ಳಪ್ಪ ವಾಪಸ್ ಬಂದ, ಒಂದು ಸಸಿ ಕಿತ್ತು ನೋಡಿದ, ಬೇರು ಕಂದುಬಣ್ಣಕ್ಕೆ ತಿರುಗಿ ಕೊಳೆತ ವಾಸನೆ ಬರ್ತಿತ್ತು. ಆಗ ಆ ಮಾತು ಕಮ್ಮಿ ಇರೋನ ಬಾಯಿಂದ ಒಂದು ಮಾತು ಬಿತ್ತಂತೆ.

"ನೀರು ಕಾಣದ ಊರಿನವಳನ್ನ ಕಟ್ಕೊಂಡೆ. ನನ್ನ ಹೊಲಾನೇ ಕೊಳೆಸಿಬಿಟ್ಟಳು."

ಮಾರನೇ ದಿನ ಚಿಕ್ಕತಾಯಿ ಬೆಳಿಗ್ಗೆ ಎದ್ದು ಒಲೆ ಹಚ್ಚಿ, ಅವನಿಗೆ ಮುದ್ದೆ ಮಾಡಿಟ್ಟು, ಬೆಟ್ಟ ಹತ್ತಿ ತವರಿಗೆ ಹೋದಳಂತೆ.

ಆಮೇಲೆ ಬೆಳ್ಳಪ್ಪ ಕರೆಯೋಕೆ ಹೋದ. ಮೊದಲನೇ ಸಲ, ಮನೇಲಿ ಕೆಲಸ ಇದೆ ಬಾ, ಅಂದ, ಅವಳು ಬರಲಿಲ್ಲ. ಎರಡನೇ ಸಲ ಸೀರೆ ತಗೊಂಡು ಹೋದ, ಅವಳು ಮಡಿಕೆ ಬಿಚ್ಚಲಿಲ್ಲ. ಮೂರನೇ ಸಲ ಬರಿಗೈಲಿ ಹೋದ, ನೀರಿಗೆ ಹೋಗಿದ್ದಾಳೆ ಅಂತ ಅತ್ತೆ ಅಂದರು, ಅವನೂ ಬಂಡೆ ಹತ್ತಿ ಹೋದನಂತೆ. ಹೋಗಿ ನೋಡ್ತಾನೆ, ಚಿಕ್ಕತಾಯಿ ಮಂಡಿಯೂರಿ ಕೂತು ಕರಟದ ತಳಕ್ಕೆ ನೀರು ಬರೋದನ್ನೇ ಕಾಯ್ತಾ ಇದ್ದಾಳೆ. ಅವನು ಕರಟ ಈಸ್ಕೊಂಡು ತಾನೇ ಮೊಗೆಯೋಕೆ ಕೂತ, ಬಿಂದಿಗೆ ತುಂಬೋ ಹೊತ್ತಿಗೆ ಸೂರ್ಯ ನೆತ್ತಿ ಮೇಲೆ ಬಂದಿದ್ದನಂತೆ.

"ನಿನಗೆ ಎಲ್ಲ ಹೇಳಿ ಹೋಗಬೇಕಿತ್ತು ಕಣೆ," ಅಂದ. "ಹೇಳದೇ ಹೋದೋನೂ ನಾನು, ಬೈದೋನೂ ನಾನೇ."

"ದುಂಡವ್ವ ಹೇಳಿದ್ದಳು," ಅಂದಳು ಚಿಕ್ಕತಾಯಿ. "ನನಗೇ ಒಡೆಯೋಕೆ ಕೈ ಬರಲಿಲ್ಲ."

ಇಬ್ಬರೂ ಬೆಟ್ಟ ಇಳಿದು ಬಂದರು. ಅವನು ಗೊಬ್ಬರ ಹಾಕಿ ಉಳಿಸ್ಕೊಳ್ಳೋಕೆ ನೋಡಿದ್ದನಂತೆ, ಆದರೆ ಎಳೇತನದಲ್ಲಿ ಬೇರು ಕೆಟ್ಟ ಗಿಡ ಮೇಲೇಳಲೇ ಇಲ್ಲ. ಬದುಕಿದ್ದ ಗಿಡಗಳು ಮಂಡಿಯುದ್ದಕ್ಕೇ ನಿಂತು, ಅಂಗೈಯಗಲ ಹೂ ಬಿಟ್ಟಿದ್ದವು, ಬಡಿದರೆ ಅರ್ಧಕ್ಕರ್ಧ ಜೊಳ್ಳು.

ಮಾರನೇ ವರ್ಷ ಇಬ್ಬರೂ ಸೇರಿ ಹೊಲದ ತಗ್ಗಿನ ಕಡೆಗೆ ಕಾಲುವೆ ತೋಡಿದರು, ಮಳೆ ಬಂದಾಗ ಚಿಕ್ಕತಾಯಿಯೇ ಹೋಗಿ ಬದು ಒಡೆದಳು, ನೀರು ಹರಿದುಹೋಗುವಾಗ ಮುಖ ತಿರುಗಿಸ್ಕೊಂಡಳಂತೆ. ಗಿಡ ಆಳೆತ್ತರ ಬೆಳೆದವು, ತಟ್ಟೆಯಗಲ ಹೂವು. ಮಕ್ಕಳಾದವು, ಚೆನ್ನಾಗೇ ಬಾಳಿದರಂತೆ. ಮುದುಕರಾದ ಮೇಲೂ, ಊರಿಗೆ ಯಾರು ಹೊಸ ಸೊಸೆ ಬಂದರೂ ಬೆಳ್ಳಪ್ಪ ಹೆಂಡತೀನ ಕರ್ಕೊಂಡು ಅವರ ಹೊಲಕ್ಕೆ ಹೋಗಿ, ನೋಡವ್ವ, ನೀರು ಇಲ್ಲಿ ನಿಲ್ತದೆ, ಇಲ್ಲಿ ಬಿಡಬೇಕು, ಅಂತ ಒಂದೊಂದೂ ತೋರಿಸಿ ಬರ್ತಿದ್ದನಂತೆ. ಮನೆಗೆ ವಾಪಸ್ ಬರೋ ದಾರಿಯಲ್ಲಿ ಮಾತ್ರ ಇಬ್ಬರಿಗೂ ಆ ಕೊಳೆತ ಹೊಲ, ಅವತ್ತು ಬಿದ್ದ ಆ ಮಾತು ನೆನಪಾಗ್ತಿತ್ತಂತೆ.

ಕತೆ ಮುಗೀತು ಕಂದ. ಮಗ್ಗುಲಾಗು, ಹೊದಿಕೆ ಎಳ್ಕೊ.