ಕ್ವಾರಿಗೆ ಸುರಿದ ಮಣ್ಣು

ಹೊಳೆದಂಡೆಯ ಒಂದು ಆಶ್ರಮದಲ್ಲಿ ಸಂಗನಬಸಯ್ಯ ಎಂಬ ಗುರುಗಳಿದ್ದರು. ಪೂರ್ವಾಶ್ರಮದಲ್ಲಿ ಅವರು ರಸಾಯನಶಾಸ್ತ್ರದ ಮೇಷ್ಟ್ರು. ಜನ ಅವರನ್ನು ಅಜ್ಜಯ್ಯ ಎಂದು ಕರೆಯುತ್ತಿದ್ದರು.

ಬಾವಿ ಕೆಟ್ಟವರು, ಹೊಲಕ್ಕೆ ಕಾರ್ಖಾನೆಯ ನೀರು ನುಗ್ಗಿದವರು ಅವರಲ್ಲಿಗೆ ಬರುತ್ತಿದ್ದರು. ವಿಷ ಕುಡಿದ ನೆಲವನ್ನು ಸರಿಮಾಡುವುದೇ ಆ ಆಶ್ರಮದಲ್ಲಿ ಕಲಿಸುವ ವಿದ್ಯೆ.

ತಿಪ್ಪೇಶ ಅವರ ಶಿಷ್ಯ. ಗಟ್ಟಿ ಆಳು, ಚುರುಕು ಬುದ್ಧಿ. ಹಿಡಿದ ಕೆಲಸ ಮುಗಿಸುವವರೆಗೆ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಒಮ್ಮೆ ಪೇಟೆಯಂಚಿನ ಹಳೆಯ ಎಣ್ಣೆ ಡಿಪೋವನ್ನು ಗುರುಗಳು ಅವನಿಗೆ ಒಪ್ಪಿಸಿದರು. ಅಲ್ಲಿ ಮೂವತ್ತು ವರ್ಷ ಟ್ಯಾಂಕುಗಳು ಸೋರಿದ್ದವು. ಪಕ್ಕದ ಕೇರಿಯ ಬಾವಿಗಳಿಗೆ ಕೊಡ ಇಳಿಸಿದರೆ ಡೀಸೆಲ್ ವಾಸನೆ ಮೇಲೆ ಬರುತ್ತಿತ್ತು.

ಹನ್ನೊಂದು ತಿಂಗಳಿಗೆ ತಿಪ್ಪೇಶ ಹಿಂತಿರುಗಿದ. ಕೇರಿಯವರು ಹಾಕಿದ ಹಾರ ಕೊರಳಲ್ಲೇ ಇತ್ತು.

“ಮುಗೀತು ಅಜ್ಜಯ್ಯ. ಕೆಟ್ಟ ಮಣ್ಣೆಲ್ಲ ಅಗೆಸಿ ತೆಗೆಸಿದೆ. ಹೊಸ ಮಣ್ಣು ತುಂಬಿಸಿದೆ. ಬಾವಿ ನೀರು ತಿಳಿಯಾಗ್ತಾ ಇದೆ.”

“ಒಳ್ಳೇದಾಯ್ತು. ತೆಗೆದ ಮಣ್ಣು?”

“ನಲವತ್ತು ಲಾರಿ ಆಯ್ತು. ಗುಡ್ಡದ ಹಿಂದೆ ಹಳೇ ಕಲ್ಲು ಕ್ವಾರಿ ಇದೆಯಲ್ಲ, ಅಲ್ಲಿಗೆ ಸುರಿಸಿದೆ.”

“ಅಲ್ಲಿ ಯಾರಿದ್ದಾರೆ?”

“ಯಾರೂ ಇಲ್ಲ.”

ಮರುದಿನ ಬೆಳಿಗ್ಗೆ ಗುರುಗಳು ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅಂಗಳಕ್ಕೆ ಬಂದರು.

“ಎಲ್ಲಿಗೆ ಅಜ್ಜಯ್ಯ?”

“ಕ್ವಾರಿಗೆ. ಇನ್ನು ನಮ್ಮ ವಾಸ ಅಲ್ಲೇ. ನಿನ್ನ ಚಾಪೆಯನ್ನೂ ತಗೋ.”

ಕ್ವಾರಿಯ ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಅದರ ದಡಕ್ಕೇ ಮಣ್ಣಿನ ರಾಶಿ. ಇಬ್ಬರೂ ಅಲ್ಲೊಂದು ಗುಡಿಸಲು ಹಾಕಿದರು. ಲಾರಿಗಳು ಓಡಾಡುವಾಗ ತಿಪ್ಪೇಶನಿಗೆ ಆ ವಾಸನೆ ಗೊತ್ತಾಗಿರಲಿಲ್ಲ. ಈಗ ಅದು ಒಂದೊಂದು ತುತ್ತಿನ ಜೊತೆಗೂ ಬಾಯಿಗೆ ಬರುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಓಬಕ್ಕ ಎಂಬ ಹೆಂಗಸು ಕುರಿ ಹೊಡೆದುಕೊಂಡು ಬಂದಳು. ಕುರಿಗಳು ನೀರಿಗೆ ಮೂತಿ ತಂದು, ಮೂಸಿ, ಹಿಂದೆ ಸರಿದವು.

“ಯಾರಪ್ಪ ನೀವು? ಇಲ್ಲಿ ಬಂದು ಗುಡ್ಲು ಹಾಕೀರಿ?”

“ನಾನು ಸಂಗನಬಸಯ್ಯ ತಾಯಿ,” ಎಂದರು ಗುರುಗಳು. “ಇವನು ತಿಪ್ಪೇಶ. ಈ ಮಣ್ಣು ತಂದು ಹಾಕಿಸಿದವನು.”

ತಿಪ್ಪೇಶನ ಕೈಯಲ್ಲಿದ್ದ ಮುದ್ದೆಯ ತುತ್ತು ಕೈಯಲ್ಲೇ ಉಳಿಯಿತು.

ಓಬಕ್ಕ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. “ಎರಡು ಮರಿ ಹೋದ್ವು. ನಾನು ಮೇವು ನಂಜಾತು ಅನ್ಕಂಡಿದ್ದೆ.” ಅವಳು ಕೂಗಾಡಲಿಲ್ಲ. “ನಮ್ಮಪ್ಪನ ಕಾಲದಿಂದ ಬ್ಯಾಸಿಗೇಲಿ ನಮಗೆ ಇದೇ ನೀರು. ಇದು ಯಾವಾಗ ಸರಿ ಹೋಗ್ತೈತೆ?”

ತಿಪ್ಪೇಶ ಗುರುಗಳ ಕಡೆ ನೋಡಿದ. ಗುರುಗಳು ಗುಡ್ಡ ನೋಡುತ್ತಿದ್ದರು.

“ಗೊತ್ತಿಲ್ಲ ಅಕ್ಕ,” ಎಂದ. ಹಾಗೆ ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ಅವಳು ಕುರಿ ತಿರುಗಿಸಿಕೊಂಡು ಹೋದ ಮೇಲೆ ಅವನು ಕೇಳಿದ: “ಅಜ್ಜಯ್ಯ, ಇದನ್ನ ಇನ್ನೂ ದೂರ ಎಲ್ಲಾದರೂ ಸಾಗಿಸಿಬಿಡಲಾ?”

“ಸಾಗಿಸು. ಅಲ್ಲಿಗೆ ಹೊರಡೋಕೆ ಚಾಪೆ ಸುತ್ತಿ ಇಟ್ಟಿರ್ತೀನಿ.”

ತಿಪ್ಪೇಶ ಸಾಗಿಸಲಿಲ್ಲ.

ಗಾಳಿ, ತೇವ, ಗೊಬ್ಬರ ಸಿಕ್ಕರೆ ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಗಳೇ ಎಣ್ಣೆಯನ್ನು ತಿಂದು ಮುಗಿಸುತ್ತವೆ ಎಂದು ಗುರುಗಳು ಹಿಂದೆಯೇ ಕಲಿಸಿದ್ದರು. ನಿಧಾನದ ದಾರಿಯೆಂದು ಅವನು ಅದನ್ನು ಬಿಟ್ಟಿದ್ದ. ಈಗ ಬಂಡೆಯ ಮೇಲೆ ಟಾರ್ಪಾಲು ಹಾಸಿ, ರಾಶಿಯ ಮಣ್ಣನ್ನು ಗೇಣು ದಪ್ಪಕ್ಕೆ ಹರಡಿದ. ಸಗಣಿ, ಹುಲ್ಲು ಬೆರೆಸಿದ. ನೀರು ಚಿಮುಕಿಸಿ ವಾರಕ್ಕೊಮ್ಮೆ ಮಗುಚಿದ. ಗುಂಡಿಯ ನೀರಿನ ಮೇಲೆ ತೇಲುತ್ತಿದ್ದ ಎಣ್ಣೆಯ ಪೊರೆಯನ್ನು ಹತ್ತಿಯಿಂದ ಹೀರಿಸಿ ತೆಗೆದ.

ಅದೆಲ್ಲ ಆಗುವ ತನಕ ಓಬಕ್ಕನ ಕುರಿಗಳಿಗೆ ಎರಡು ಫರ್ಲಾಂಗ್ ಆಚೆಯ ಬೋರಿನಿಂದ ದಿನಾ ನೀರು ಹೊತ್ತ. ಗುರುಗಳು ಒಂದು ದಿನವೂ ಹೊರಲು ಬರಲಿಲ್ಲ. ಒಂದು ದಿನವೂ ಆಶ್ರಮಕ್ಕೆ ಹೋಗಲೂ ಇಲ್ಲ.

ಮೊದಲ ವರ್ಷ ಮಣ್ಣು ಕಪ್ಪಗೇ ಇತ್ತು. ಎರಡನೆಯ ವರ್ಷ ವಾಸನೆ ಇಳಿಯಿತು. ಮೂರನೆಯ ಮಳೆಗಾಲಕ್ಕೆ ಅಲ್ಲಲ್ಲಿ ಗರಿಕೆ ಎದ್ದಿತು.

ಮುಂದಿನ ಬೇಸಿಗೆಯಲ್ಲಿ ಒಂದು ಮುದಿ ಕುರಿ ಗುಂಡಿಗಿಳಿದು, ಮೂಸಿ, ಕುಡಿಯಿತು. ಹಿಂದೆಯೇ ಇನ್ನೊಂದು. ಓಬಕ್ಕ ಬಂಡೆಯ ಮೇಲೆ ಕೂತು ರೊಟ್ಟಿ ಗಂಟು ಬಿಚ್ಚಿದಳು. ಅರ್ಧ ರೊಟ್ಟಿ ಮುರಿದು ತಿಪ್ಪೇಶನ ಕಡೆ ಚಾಚಿದಳು. ಅವನು ಸನಿಕೆ ನೆಲಕ್ಕಿಟ್ಟು ಎರಡೂ ಕೈಯೊಡ್ಡಿ ತೆಗೆದುಕೊಂಡ.

ಅದೇ ವಾರ ಒಂದು ಕಾರು ಬಂತು. ಹಳೇ ಟೈರು ಕಾಯಿಸಿ ಎಣ್ಣೆ ತೆಗೆಯುವ ಕಾರ್ಖಾನೆಯೊಂದರ ಯಜಮಾನ ಇಳಿದ.

“ಡಿಪೋ ಜಾಗ ಹನ್ನೊಂದೇ ತಿಂಗಳಲ್ಲಿ ಚೊಕ್ಕ ಮಾಡಿದಿರಂತೆ,” ಎಂದ ತಿಪ್ಪೇಶನಿಗೆ. “ನಮ್ಮದೂ ಹಾಗೇ ಆಗಬೇಕು. ಪಕ್ಕದ ಶಾಲೆಯವರು ಗಲಾಟೆ ಎಬ್ಬಿಸಿದಾರೆ, ಮಕ್ಕಳಿಗೆ ಕೆಮ್ಮು, ಕಜ್ಜಿ ಅಂತ. ನಮ್ಮ ಅಂಗಳದ ಎಣ್ಣೆ ಮಣ್ಣನ್ನ ಎಲ್ಲಾದರೂ ಕಣ್ಮರೆ ಮಾಡಿಬಿಡಿ.”

“ಬರ್ತೀನಿ ಸ್ವಾಮಿ,” ಎಂದ ತಿಪ್ಪೇಶ. “ಆದರೆ ಮಣ್ಣು ಸುರಿದ ಕಡೆ ನೀವೂ ಒಂದು ವರ್ಷ ನನ್ನ ಜೊತೆ ವಾಸ ಮಾಡಬೇಕು.”

ಯಜಮಾನ ನಕ್ಕ. ತಿಪ್ಪೇಶ ನಗದಿದ್ದುದನ್ನು ಕಂಡು ಕಾರಿನ ಬಾಗಿಲಿಗೆ ಕೈಹಾಕಿದ. “ಈ ಕೆಲಸಕ್ಕೆ ಬೇರೆಯವರೂ ಇದ್ದಾರೆ ಬಿಡಿ,” ಎಂದು ಕಾರು ಹತ್ತಿದ.

ಧೂಳು ಅಡಗುವ ತನಕ ತಿಪ್ಪೇಶ ನಿಂತು ನೋಡಿದ. ಆಮೇಲೆ ಗುರುಗಳ ಬಳಿ ಬಂದ. ಮುಖದಲ್ಲಿ ಗೆಲುವಿತ್ತು.

“ಸರಿಯಾಗಿ ಹೇಳಿದೆ ಅಲ್ವಾ ಅಜ್ಜಯ್ಯ? ಕಾರು ಹತ್ತಿ ಹೊರಟೇಹೋದ.”

“ಹೋದವನು ಅವನು,” ಎಂದರು ಗುರುಗಳು. “ಮಕ್ಕಳು ಅಲ್ಲೇ ಇದ್ದಾರೆ. ಚಪ್ಪಲಿ ಮೆಟ್ಟಿಕೋ.”