ಕಲ್ಲಿನ ಸಂದಿಗೆ ಗರಿಕೆ ಬಂದದ್ದು

ಹತ್ತಿರ ಬಂದು ಕೂತ್ಕೊ ಮಗಾ. ಕಾಲು ಅಲ್ಲಾಡಿಸಬೇಡ, ಕತೆ ಚೆದುರಿ ಹೋಗುತ್ತೆ.

ಲೋಕ ಆಗಿನ್ನೂ ಹಸಿ. ಗುಡ್ಡದ ಮಣ್ಣು ಆಗತಾನೇ ನಾದಿಟ್ಟ ಹಿಟ್ಟಿನ ಹಾಗೆ ಮೆತ್ತಗಿತ್ತು. ಗುಡ್ಡದ ಬುಡದಲ್ಲಿ ಒಂದು ಒರತೆ. ಸುತ್ತಲಿನ ಎಲ್ಲ ಜೀವಕ್ಕೂ ಕುಡಿಯೋಕೆ ಅದೊಂದೇ ನೀರು.

ಒರತೆಗೆ ಮೇಲಿನ ಮಣ್ಣು ಜಾರಿ ಬೀಳದಿರಲಿ ಅಂತ ಮುದ್ದೀರ ಅನ್ನೋನು ಕಾಡುಕಲ್ಲು ಆಯ್ದು ತಂದು, ಒಂದರ ಮೇಲೊಂದು ಕೂರಿಸಿ ಗೋಡೆ ಕಟ್ಟಿದ. ಗೋಡೆಯ ಹಿಂದೆ ತೋಟ. ಅಲ್ಲಿ ಗರಿಕೆ ಹುಲ್ಲು, ಲಕ್ಕಿ ಗಿಡ ತಾವಾಗಿಯೇ ಬಂದವು. ಆಗ ಕಲ್ಲುಗಳಿಗೆ ಬಲು ಬಿಗುಮಾನ. ತಮ್ಮ ಸಂದಿಗೆ ಒಂದು ಬೇರನ್ನೂ ಬಿಡುತ್ತಿರಲಿಲ್ಲ.

ಮುದ್ದೀರನ ಹೆಂಡತಿ ಚಿಕ್ಕತಾಯಿಗೆ ಚೊಕ್ಕಟ ಅಂದರೆ ಪ್ರಾಣ. "ಇದೇನು ತೋಟವೋ, ಬಾಚದ ತಲೆಯೋ" ಅಂತ ಗರಿಕೆ, ಲಕ್ಕಿ ಎಲ್ಲ ಕಿತ್ತು ಗೋಡೆಯಾಚೆ ಎಸೆದಳು. ಕೆಮ್ಮಣ್ಣಿಗೆ ಸಗಣಿ ಕಲಸಿ, ಮನೆ ಸಾರಿಸಿದ ಹಾಗೆ ಗೋಡೆಯನ್ನೂ ಸಾರಿಸಿದಳು. ಒಂದು ಸಂದಿಯನ್ನೂ ಬಿಡಲಿಲ್ಲ. ಮೇಲೆ ರಂಗೋಲಿ ಬೇರೆ. ಸುಡುಬಿಸಿಲಿಗೆ ಅದು ಸಂಜೆಯೊಳಗೆ ಹಂಚಿನ ಹಾಗೆ ಗಟ್ಟಿಯಾಯಿತು.

"ಅಕ್ಕಾ, ಉಸಿರು ಕಟ್ಟುತ್ತೆ" ಅಂದವು ಕಲ್ಲುಗಳು.

"ಕಲ್ಲಿಗೆಲ್ಲಿಯ ಉಸಿರು? ಮದುವಣಗಿತ್ತಿ ಹಾಗೆ ಕಾಣ್ತಿದ್ದೀರಿ, ಸುಮ್ಮನಿರಿ."

ಮಾರನೇ ದಿನ ಮಳೆ ಬಂತು. ಒಂದೇ ಸಮ ಬಂತು. ತೋಟ ಕುಡಿಯುವಷ್ಟು ಕುಡಿಯಿತು. ಮಿಕ್ಕ ನೀರಿಗೆ ಹೊರದಾರಿ ಇಲ್ಲ. ಗೋಡೆಯ ಹಿಂದೆ ಏರಿತು, ಏರಿತು. ಗೋಡೆ ಬಸುರಿಯ ಹಾಗೆ ಹೊಟ್ಟೆ ಮುಂದೆ ಮಾಡಿತು.

ಕೆಳಗಿಂದ ಒರತೆ ಕೂಗಿತು, "ಚಿಕ್ಕತಾಯಿ, ನನ್ನ ಬಾಯಿಗೆ ಮಣ್ಣು ಬೀಳುತ್ತೆ ಕಣೇ. ನಾಳೆ ಏನು ಕುಡೀತೀರಿ?"

ಮುದ್ದೀರ ಓಡಿ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತ. ಹಿಮ್ಮಡಿ ಕೆಸರಲ್ಲಿ ಹೂತು ಹೋಗ್ತಾ ಇತ್ತು. "ಸಂದಿ ಬಿಡಿಸೇ, ಬೇಗ" ಅಂದ.

ಚಿಕ್ಕತಾಯಿ ಕುಡುಗೋಲು ತಂದು ತಾನೇ ಬರೆದ ರಂಗೋಲಿಯನ್ನ ಕೆರೆದಳು. ಸಂದಿ ಬಿಟ್ಟಲ್ಲೆಲ್ಲ ನೀರು ಚಿಮ್ಮಿತು. ಆದರೆ ನೀರಿನ ಜೊತೆ ಮಣ್ಣೂ ಬಂತು, ಕೆಂಪಗೆ, ಒರತೆಯ ಕಡೆಗೇ.

ಮುಚ್ಚಿದರೆ ಗೋಡೆ ಬೀಳುತ್ತೆ. ಬಿಟ್ಟರೆ ಒರತೆ ಹೂತು ಹೋಗುತ್ತೆ. ಅವಳು ಕುಡುಗೋಲು ಕೆಳಗಿಟ್ಟಳು.

ಕಾಲ ಬುಡದಲ್ಲಿ ಬಿದ್ದಿದ್ದ ಗರಿಕೆ ಅಂತು, "ನೀರು ಬಿಟ್ಟು ಮಣ್ಣು ಹಿಡಿಯೋದು ನಮ್ಮ ಕಸುಬು. ಕಸ ಅಂತ ಎಸೆದೆಯಲ್ಲ."

"ತಪ್ಪಾಯ್ತು ನನ್ನವ್ವ. ಸಂದಿಯೊಳಗೆ ಹೋಗ್ತೀರಾ?"

"ನಾವು ಹೋಗ್ತೀವಿ. ಕಲ್ಲು ಬಿಡಬೇಕಲ್ಲ."

ಕಲ್ಲುಗಳು ಅನುಮಾನಿಸಿದವು. "ಬೇರು ಒಳಗೆ ಬಂದರೆ ನಮ್ಮನ್ನೇ ಸೀಳುತ್ತೆ."

"ಸೀಳಲ್ಲ, ಹಿಡಿಯೋದಷ್ಟೇ" ಅಂದಿತು ಗರಿಕೆ. ಲಕ್ಕಿಯೂ ಹಾಗೇ ಮಾತು ಕೊಟ್ಟಿತು. ಪಕ್ಕದಲ್ಲಿದ್ದ ಅರಳಿ ಸಸಿ ಮಾತ್ರ ಕೇಳಿಸದ ಹಾಗೆ ಆಕಾಶ ನೋಡ್ತಾ ನಿಂತಿತು.

ಮುದ್ದೀರನ ಮೊಣಕಾಲು ಮಡಿಯಿತು. ಗೋಡೆಯ ತುದಿಗಲ್ಲೊಂದು ಉರುಳಿ ಒರತೆಯ ಪಕ್ಕದಲ್ಲೇ ಬಿತ್ತು.

"ಬನ್ನಿ, ಬನ್ನಿ" ಅಂದವು ಕಲ್ಲುಗಳು.

ಚಿಕ್ಕತಾಯಿ ಸಂದಿ ಸಂದಿಗೂ ಗರಿಕೆ ತುರುಕಿದಳು, ಲಕ್ಕಿ ಕಡ್ಡಿ ಚುಚ್ಚಿದಳು. ಬೇರು ಮಣ್ಣು ಕಚ್ಚಿತು. ನೀರು ಮೊದಲು ಕೆಂಪಗೆ ಬಂತು, ಆಮೇಲೆ ಹಳದಿ, ಆಮೇಲೆ ತಿಳಿ.

ಮುದ್ದೀರನ ನಡು ಅವತ್ತಿಂದ ಬಾಗಿತು. ಬಾಗಿಕೊಂಡೇ ಇನ್ನೂ ಎಷ್ಟೋ ಗೋಡೆ ಕಟ್ಟಿದ. ಚಿಕ್ಕತಾಯಿ ಮನೆಯ ನೆಲ ದಿನಾ ಸಾರಿಸಿದಳು, ಗೋಡೆಯ ತಂಟೆಗೆ ಹೋಗಲಿಲ್ಲ. ಒರತೆ ಎಲ್ಲರಿಗೂ ನೀರು ಕೊಟ್ಟಿತು. ಅರಳಿ ಮಾತು ಕೊಡದೇ ಕದ್ದು ನುಗ್ಗಿತು. ಅದಕ್ಕೇ ಇವತ್ತಿಗೂ ಅರಳಿ ಹುಟ್ಟಿದ ಗೋಡೆ ಬಿರಿಯುತ್ತೆ. ಗರಿಕೆ ಮಾತು ಉಳಿಸಿಕೊಂಡಿತು. ನೀನು ಯಾವ ಕಲ್ಲಿನ ಸಂದಿಗೆ ಇಣುಕಿದರೂ ಅಲ್ಲಿ ಕೂತಿರುತ್ತೆ ನೋಡು, ಮಣ್ಣು ಹಿಡ್ಕೊಂಡು, ನೀರಿಗೆ ದಾರಿ ಬಿಟ್ಕೊಂಡು.